ಗುತ್ತೆವ್ವ ಮತ್ತು ಕೆರೆದಂಡೆಯ ನಾಲ್ಕು ಎಕರೆ

ಆ ದಿನವನ್ನು ಗುತ್ತೆವ್ವ ಈಗಲೂ ಎಳೆಎಳೆಯಾಗಿ ಹೇಳುತ್ತಾಳೆ. 2002ನೆಯ ಇಸವಿ, ಆಷಾಢದ ಒಂದು ಬುಧವಾರ. ಮೋಟೆಬೆನ್ನೂರಿನ ಹತ್ತಿರ ಹೆದ್ದಾರಿಯನ್ನು ಅಗಲ ಮಾಡುವ ಕೆಲಸ ನಡೆದಿತ್ತು. ರಸ್ತೆಯ ಎರಡೂ ಬದಿಯ ಹುಣಸೆಮರಗಳನ್ನು ಕಡಿದು ಒಯ್ದಾಗಿತ್ತು, ಬೊಡ್ಡೆಗಳಷ್ಟೇ ಉಳಿದಿದ್ದವು. ಬೆಳಗಿನಿಂದ ಜಿಟಿಜಿಟಿ ಮಳೆ. ಅವಳು ಗೊಬ್ಬರದ ಚೀಲವನ್ನು ಕೊಪ್ಪಿ ಮಾಡಿ ತಲೆಗೆ ಹೊದ್ದು, ಒಂದು ದಪ್ಪ ಬೊಡ್ಡೆಯ ಪಕ್ಕ ಕುಕ್ಕುರುಗಾಲಲ್ಲಿ ಕುಳಿತಿದ್ದಳು. ಹಳೆಯ ಮರದ ಕೆಳಗೆ ಬಿದ್ದಿದ್ದ ಬೀಜಗಳು ಮಳೆಗೆ ಮೊಳೆತು ಬೆರಳುದ್ದದ ಸಸಿಗಳಾಗಿದ್ದವು. ಅವನ್ನು ಕುರಪಿಯಿಂದ ಮಣ್ಣಿನ ಸಮೇತ ಎಬ್ಬಿಸಿ, ಒಂದೊಂದನ್ನೇ ಬುಟ್ಟಿಯಲ್ಲಿ ಇಡುತ್ತಿದ್ದಳು.

ಕೆಂಪು ಬಣ್ಣದ ಹಳೆಯ ಮೋಟರ್‌ಸೈಕಲ್ ಒಂದು ಮುಂದೆ ಹೋಗಿ, ನಿಂತು, ಹಿಂದಕ್ಕೆ ತಿರುಗಿ ಬಂತು. ಇಳಿದವನು ಇಪ್ಪತ್ತೈದು ಇಪ್ಪತ್ತಾರರ ಹುಡುಗ. ನೀಲಿ ಅಂಗಿಯ ಕಿಸೆಯಲ್ಲಿ ಪೆನ್ನು ಸೋರಿ ರೂಪಾಯಿಯಗಲದ ಕಲೆ ಬಿದ್ದಿತ್ತು. ಹೆಗಲಿಗೆ ಒಂದು ಬಟ್ಟೆಯ ಚೀಲ. ಪ್ಯಾಂಟಿನ ಅಂಚನ್ನು ಮೊಣಕಾಲವರೆಗೆ ಮಡಚಿಕೊಂಡಿದ್ದ.

"ಏನ್ ಹುಡುಕಾಕತ್ತೀರಿ ಅಕ್ಕಾರ? ಏನರ ಕಳಕೊಂಡೀರೇನು?"

"ಕಳಕೊಂಡದ್ದು ಸರಕಾರ ರೀ ಸಾಹೇಬ್ರ. ನಾ ಆರಿಸಿಕೊಳ್ಳಾಕತ್ತೇನಿ."

ಅವನು ಜೋರಾಗಿ ನಕ್ಕ. ನಕ್ಕವನು ಹಾಗೇ ಅವಳ ಎದುರಿಗೆ ಕೆಸರಿನಲ್ಲೇ ಕುಳಿತುಬಿಟ್ಟ. "ನಾ ಸಾಹೇಬ ಅಲ್ಲರಿ. ನಮ್ಮಪ್ಪ ರಾಣೆಬೆನ್ನೂರಾಗ ಬೀಜದ ಅಂಗಡ್ಯಾಗ ಚೀಲಾ ಹೊರ್ತಾನ. ನಮ್ಮ ಮನ್ಯಾಗ ಕಾಲೇಜು ಕಂಡಾಂವ ನಾನ ಮದಲನೇದಾಂವ. ತಮ್ಮಾ ಅಂದ್ರ ಸಾಕು."

"ನಮ್ಮ ಮನಿಯಾಂವನೂ ಹಮಾಲಿನ ಮಾಡ್ತಾನ," ಎಂದಳು ಗುತ್ತೆವ್ವ. "ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ. ಮನೀಗಿ ಬಂದ್ರ ಮಂದಿ ಎಲ್ಲಾ ಸೀನತಾರ."

ಹುಡುಗನ ಹೆಸರು ವಿಜಯಮಹಾಂತೇಶ. ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಸಂಘ ಕಟ್ಟಿ ಗಿಡ ಬೆಳೆಸುವ ಒಂದು ಸಂಸ್ಥೆಯಲ್ಲಿ ಕೆಲಸಕ್ಕಿದ್ದ. ಸಸಿಗಳನ್ನು ಎಲ್ಲಿ ಹಚ್ಚುತ್ತೀರಿ ಎಂದು ಕೇಳಿದ. ಊರ ಕೆರೆಯ ದಂಡೆಗೆ ಎಂದಳು. ಬುಟ್ಟಿಯನ್ನು ಎತ್ತಿ ಪೆಟ್ರೋಲ್ ಟ್ಯಾಂಕಿನ ಮೇಲೆ ಇಟ್ಟುಕೊಂಡು, "ಹಿಂದ ಕುಂದರ್ರಿ ಅಕ್ಕಾರ, ಲಗೂ ಹೋಗೂಣು," ಎಂದ.

"ಊರ ಮಂದಿ ಕಣ್ಣು ಕುರುಡು ಆಗ್ಯಾವೇನು? ನೀ ಹೋಗು, ನಾ ನಡಕೊಂಡ ಬರ್ತೇನಿ."

ಅವನು ಗಾಡಿ ಚಾಲೂ ಮಾಡಲಿಲ್ಲ. ಎರಡು ಮೈಲಿ ದಾರಿ, ಕೆಸರಿನಲ್ಲಿ, ಮಳೆಯಲ್ಲಿ, ಗಾಡಿಯನ್ನು ದೂಡಿಕೊಂಡೇ ಅವಳ ಜೊತೆ ಬಂದ. ಗಾಡಿ ಇದ್ದವನು ತನ್ನ ಸಲುವಾಗಿ ನಡೆದು ಬಂದನಲ್ಲ ಎಂಬುದು ಗುತ್ತೆವ್ವನ ಮನಸ್ಸಿನಲ್ಲಿ ಭದ್ರವಾಗಿ ಕುಳಿತಿತು. ಅವನ ಮೇಲಿನ ಅವಳ ನಂಬಿಕೆ ಹುಟ್ಟಿದ್ದು ಅಲ್ಲಿಯೇ.

ಕೆರೆದಂಡೆ ಎಂದರೆ ಊರ ದನ ಮೇಯಲು ಬಿಟ್ಟ ಗಾಯರಾಣದ ಒಂದು ತುಂಡು. ಜಾಲಿ ಬೆಳೆದು, ಉಪ್ಪಿನ ಸವುಳು ಎದ್ದು, ದನವೂ ಹೋಗದ ನಾಲ್ಕು ಎಕರೆ. ಅದರ ಒಂದು ಮೂಲೆಯಲ್ಲಿ ಗುತ್ತೆವ್ವ ನಾಲ್ಕೈದು ವರ್ಷದಿಂದ ತನ್ನ ಪಾಡಿಗೆ ತಾನು ಗಿಡ ಹಚ್ಚುತ್ತ ಬಂದಿದ್ದಳು. ಅವಳ ತವರು ರಾಣೆಬೆನ್ನೂರಿನ ಆಚೆ, ತುಂಗಭದ್ರೆಯ ದಂಡೆಯ ಮೇಲಿನ ಹಳ್ಳಿ. ಅವಳ ತಾಯಿ ಹಿತ್ತಲಿಗೆ ಒಮ್ಮೆಯೂ ನೇಗಿಲು ತಾಗಿಸಿದವಳಲ್ಲ. ಒಮ್ಮೆ ಹಚ್ಚಿದ್ದು ಹತ್ತು ವರ್ಷ ಉಣ್ಣಿಸಬೇಕು ಎಂಬುದು ಆಕೆಯ ಹಟ. ಮೇಲೆ ನುಗ್ಗೆ, ಅದರ ನೆರಳಿಗೆ ಕರಿಬೇವು, ಕರಿಬೇವಿನ ಬುಡಕ್ಕೆ ಸುವರ್ಣಗಡ್ಡೆ, ಎಲ್ಲವನ್ನೂ ತಬ್ಬಿಕೊಂಡು ತೊಂಡೆಬಳ್ಳಿ. ಗಂಡನ ಮನೆಯಲ್ಲಿ ಹಿತ್ತಲು ಇರಲಿಲ್ಲ. ಅದಕ್ಕೇ ಅವಳು ಕೆರೆದಂಡೆಗೆ ಬಂದಿದ್ದಳು.

ವಿಜಯಮಹಾಂತೇಶ ಒಂದೊಂದು ಗಿಡದ ಮುಂದೆಯೂ ನಿಂತು ಹೆಸರು ಬರೆದುಕೊಂಡ. ಪೇರಲ, ಸೀತಾಫಲ, ಬಾರಿ, ಕವಳಿ, ಬಸಳೆ, ವರ್ಷವಿಡೀ ನಿಲ್ಲುವ ಗಿಡತೊಗರಿ. ಇಪ್ಪತ್ತಮೂರು ಹೆಸರಾದವು. ಅವಳ ಮನೆಯಲ್ಲಿ ರೊಟ್ಟಿ, ನುಗ್ಗೆಸೊಪ್ಪಿನ ಪಲ್ಯ ಉಂಡ. ಉಂಡಾದ ಮೇಲೆ ಹೇಳಿದ: ಲಾರಿ, ಕಾರ್ಖಾನೆ, ವಿಮಾನ ಎಲ್ಲವೂ ಉಗುಳುವ ಹೊಗೆಯಿಂದ ಭೂಮಿ ಕಾಯುತ್ತಿದೆ, ಮಳೆ ದಾರಿ ತಪ್ಪುತ್ತಿದೆ. ಆ ಹೊಗೆಯನ್ನು ಗಿಡ ಕುಡಿಯುತ್ತದೆ. ವರ್ಷಕ್ಕೊಮ್ಮೆ ಕಿತ್ತು ಮತ್ತೆ ಬಿತ್ತುವ ಬೆಳೆ ಕುಡಿದದ್ದನ್ನು ಬೇಗ ಬಿಟ್ಟುಕೊಡುತ್ತದೆ. ವರ್ಷಗಟ್ಟಲೆ ನಿಲ್ಲುವ ಗಿಡ ಅದನ್ನು ಬೊಡ್ಡೆಯಲ್ಲಿ, ಬೇರಿನಲ್ಲಿ, ಮಣ್ಣಿನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ.

ಗುತ್ತೆವ್ವ ರೊಟ್ಟಿಬುಟ್ಟಿ ಮುಚ್ಚಿಟ್ಟಳು. "ಅಂದ್ರ ಹಗೇವು ಇದ್ದಂಗ ಅನ್ನು. ಜ್ವಾಳಾ ನೆಲದಾಗ ಇಟ್ಟು ಮ್ಯಾಲೆ ಮಣ್ಣು ಮುಚ್ಚಿದಂಗ."

"ಅಕ್ಕಾ, ಇದನ್ನ ನಾ ಇನ್ನ ಎಲ್ಲಾ ಊರಾಗೂ ಹಿಂಗ ಹೇಳ್ತೇನಿ ನೋಡ್ರಿ!" ಎಂದು ಅವನು ಅದನ್ನೂ ಬರೆದುಕೊಂಡ.

ಅವನ ಓಡಾಟದಿಂದ ಆ ದೀಪಾವಳಿಯ ಹೊತ್ತಿಗೆ ಹನ್ನೊಂದು ಹೆಂಗಸರ ಸಂಘ ಆಯಿತು. ಪಂಚಾಯ್ತಿಯಿಂದ ಕೆರೆದಂಡೆಯ ನಾಲ್ಕೂ ಎಕರೆಯ ಫಲ ತಿನ್ನುವ ಹಕ್ಕು ಸಂಘಕ್ಕೆ ಸಿಕ್ಕಿತು. ಗುತ್ತೆವ್ವ ಅಧ್ಯಕ್ಷೆ. ಅವಳ ಓರಗೆಯ ಗೆಳತಿ, ಆಡು ಸಾಕುವ ರಮಜಾನಬಿ, ಉಪಾಧ್ಯಕ್ಷೆ. ಪ್ರತಿ ಸೋಮವಾರ ಸಂಜೆ ಗುತ್ತೆವ್ವನ ಕಟ್ಟೆಯ ಮೇಲೆ ಸಭೆ.

ಆ ಸಭೆಗೆ ಒಂದು ರೂಢಿ ಬಿದ್ದಿತು. ಹೆಂಗಸರು ಹೊಲದಿಂದ ಬರುವುದೇ ಹೊತ್ತು ಮುಳುಗಿದ ಮೇಲೆ, ಬಂದವರಿಗೆ ರೊಟ್ಟಿ ಬಡಿಯುವ ಅವಸರ. ಸಭೆಯ ತೀರ್ಮಾನದ ಠರಾವು ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಹಾಗಾಗಿ ಬಂದ ಕೂಡಲೇ ಖಾಲಿ ಹಾಳೆಯ ಕೆಳಗೆ ಸಾಲಾಗಿ ಹೆಬ್ಬೆಟ್ಟು ಒತ್ತಿಬಿಡುವುದು, ಆಮೇಲೆ ನಿಂತುಕೊಂಡೇ ಮಾತು ಮುಗಿಸುವುದು, ವಿಜಯಮಹಾಂತೇಶ ರಾತ್ರಿ ತನ್ನ ಖೋಲಿಯಲ್ಲಿ ಕುಳಿತು ಮೇಲಿನ ಬರಹ ತುಂಬುವುದು. ಸುತ್ತಲಿನ ಸಂಘಗಳಲ್ಲೆಲ್ಲ ಹೀಗೆಯೇ ನಡೆಯುತ್ತಿತ್ತು. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಗುತ್ತೆವ್ವ ಬೆರಳಿನ ಶಾಯಿ ಒರೆಸಿಕೊಳ್ಳದೆ ಹಿಟ್ಟಿಗೆ ಕೈ ಹಾಕಿದಳೆಂದು ಗಂಡ ಫಕ್ಕೀರೇಶ ಚೇಷ್ಟೆ ಮಾಡುತ್ತಿದ್ದ.

"ಸೋಮವಾರದ ರೊಟ್ಟಿ ನೋಡು, ಸರಕಾರದ ಶಿಕ್ಕಾ ಬಿದ್ದೈತಿ. ಇದನ್ನ ಮುರದ್ರ ಕೇಸ್ ಆಕ್ಕೈತೇನು?"

"ಮುರೀಬ್ಯಾಡ, ಇಡಿಯಾಗಿ ನುಂಗು," ಎನ್ನುತ್ತಿದ್ದಳು ಅವಳು.

ಮೊದಲ ಎರಡು ವರ್ಷ ನೀರು ಹೊತ್ತದ್ದೇ ಹೊತ್ತದ್ದು. ಮಳೆ ಸರಿಯಾಗಿ ಬರಲಿಲ್ಲ. ಜಾಲಿಯನ್ನು ಬುಡದಿಂದ ಕಿತ್ತರು, ಅದರ ಮುಳ್ಳಿನಿಂದಲೇ ಬೇಲಿ ಕಟ್ಟಿದರು, ಬೇಲಿಯ ಒಳಗೆ ಕವಳಿ ಹಚ್ಚಿದರು. ಮೊದಲು ಗಿಡತೊಗರಿ, ನುಗ್ಗೆ. ಅವು ನೆರಳು ಕೊಟ್ಟ ಮೇಲೆ ಪೇರಲ, ಸೀತಾಫಲ, ನೇರಳೆ. ಮೂರನೆಯ ವರ್ಷ ನೆಲದ ಬಣ್ಣವೇ ತಿರುಗಿತು. ಸವುಳು ಬೆಳ್ಳಗೆ ಏಳುತ್ತಿದ್ದ ಜಾಗದಲ್ಲಿ ಎಲೆ ಕೊಳೆತು, ಕೈ ಹಾಕಿದರೆ ತಣ್ಣಗಿನ ಕರಿಮಣ್ಣು ಸಿಕ್ಕಿತು. ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಊರೆಲ್ಲ ಬೆಂಕಿಯಾಗಿದ್ದಾಗ ಹೆಂಗಸರು ಸೆರಗು ಹಾಸಿ ಅಲ್ಲಿ ಮಲಗುತ್ತಿದ್ದರು. ಯಾರ ಮನೆಯಲ್ಲೂ ಪಲ್ಯಕ್ಕೆ ಏನೂ ಇಲ್ಲ ಎನ್ನುವ ಮಾತು ಉಳಿಯಲಿಲ್ಲ. ರಮಜಾನಬಿಯ ಆಡುಗಳಿಗೆ ತೊಗರಿಸೊಪ್ಪು, ಬಾಣಂತಿಯರಿಗೆ ನುಗ್ಗೆಸೊಪ್ಪು, ಶಾಲೆಯ ಮಕ್ಕಳಿಗೆ ಬಾರಿಹಣ್ಣು. ಒಳಗೆ ಕುಡಗೋಲು ತರಬಾರದು, ಕೈಯಿಂದ ಮುರಿದಷ್ಟೇ ಒಯ್ಯಬೇಕು ಎಂದು ಗುತ್ತೆವ್ವ ಕಟ್ಟು ಮಾಡಿದ್ದಳು. ಕುಡಗೋಲು ತಂದ ತನ್ನ ನಾದಿನಿಯನ್ನೇ ಒಮ್ಮೆ ಬೇಲಿಯ ಆಚೆ ನಿಲ್ಲಿಸಿ ಬೈದಿದ್ದಳು.

ವಿಜಯಮಹಾಂತೇಶ ಮನೆಯವನೇ ಆಗಿಹೋದ. ಗುತ್ತೆವ್ವನ ಮಗಳು ನಾಗರತ್ನಾ ಅವನನ್ನು ವಿಜಯಮಾಮಾ ಎಂದು ಕರೆಯುತ್ತಿದ್ದಳು. ಅವಳು ಹಾವೇರಿಯ ಕಾಲೇಜು ಸೇರುವಾಗ ಅರ್ಜಿ ತುಂಬಿದವನು ಅವನೇ. 2004ರಲ್ಲಿ ಅವನು ಇನ್ನೊಂದು ಕೆಲಸ ಮಾಡಿದ. "ಅಕ್ಕಾ, ಇನ್ನ ಹೆಬ್ಬೆಟ್ಟು ಬ್ಯಾಡ," ಎಂದು ಕೆರೆಯ ಒದ್ದೆ ಮರಳಿನ ಮೇಲೆ ಕಡ್ಡಿಯಿಂದ ಅವಳ ಹೆಸರು ಬರೆದು ತೋರಿಸಿದ. ಹನ್ನೊಂದು ಹೆಂಗಸರು ಹನ್ನೊಂದು ಕಡ್ಡಿ ಹಿಡಿದು ಮರಳ ಮೇಲೆ ಬಗ್ಗಿದರು. ಗುತ್ತೆವ್ವನ ಹೆಸರಿನ ಒತ್ತಕ್ಷರಗಳು ಅವಳನ್ನು ಬಹಳ ಕಾಡಿದವು.

"ನಮ್ಮಪ್ಪಗ ಒಂದು ಹಗೂರ ಹೆಸರು ಇಡಾಕ ಬರಲಿಲ್ಲ ನೋಡು."

"ನನ್ನ ಹೆಸರು ಬರದು ನೋಡ್ ಬಾ," ಎಂದಳು ರಮಜಾನಬಿ. "ಬರದು ಮುಗಸೂದ್ರಾಗ ಆಡು ಊರ ದಾಟಿರ್ತಾವ."

ಶ್ರಾವಣ ಬರುವುದರೊಳಗೆ ಹನ್ನೊಂದೂ ಜನ ಸಹಿ ಕಲಿತರು. ಅಂದಿನಿಂದ ಗುತ್ತೆವ್ವ ಎಲ್ಲಿಯೂ ಹೆಬ್ಬೆಟ್ಟು ಒತ್ತಲಿಲ್ಲ. ರೇಷನ್ ಅಂಗಡಿಯವನು ಶಾಯಿಯ ಡಬ್ಬಿ ಮುಂದೆ ತಳ್ಳಿದರೆ, ಹಿಂದಕ್ಕೆ ತಳ್ಳಿ ಪೆನ್ನು ಕೇಳುತ್ತಿದ್ದಳು.

ತೋಟದ ಹೆಸರು ಹಬ್ಬಿತು. ಧಾರವಾಡದಿಂದ, ಬೆಂಗಳೂರಿನಿಂದ ಜೀಪುಗಳಲ್ಲಿ ಜನ ನೋಡಲು ಬಂದರು. ವಿಜಯಮಹಾಂತೇಶ ಅವರ ಮುಂದೆ ನಿಂತು, ಗಿಡ ಅಂದರೆ ಹಗೇವು ಇದ್ದ ಹಾಗೆ ಎಂದು ವಿವರಿಸುತ್ತಿದ್ದ. ತನ್ನ ಮಾತು ಅವನ ಬಾಯಲ್ಲಿ ಕೇಳಿ ಗುತ್ತೆವ್ವನಿಗೆ ಹಿಗ್ಗು. ಆ ಮಾತು ಯಾರದೆಂದು ಅವನು ಯಾರಿಗೂ ಹೇಳಲಿಲ್ಲ. ಅವಳಿಗೆ ಅದು ಆಗ ಹೊಳೆಯಲೂ ಇಲ್ಲ.

2006ರಲ್ಲಿ ಅವನ ಸಂಸ್ಥೆ ಮುಚ್ಚಿತು. ಬರುತ್ತೇನೆ ಅಕ್ಕಾ ಎಂದು ಹೋದವನು ಒಂದೂವರೆ ವರ್ಷ ಬರಲಿಲ್ಲ. ರಾಣೆಬೆನ್ನೂರಿನಲ್ಲಿ ಮದುವೆಯಾಯಿತು ಎಂದು ಸುದ್ದಿ ಬಂತು, ಕರೆಯೋಲೆ ಬರಲಿಲ್ಲ. ಗಡಿಬಿಡಿಯಲ್ಲಿ ಮರೆತಿರಬೇಕು ಎಂದು ಗುತ್ತೆವ್ವ ತಾನೇ ಸಮಾಧಾನ ಮಾಡಿಕೊಂಡಳು. 2007ರ ಸೀಗಿ ಹುಣ್ಣಿಮೆ ಕಳೆದು ಎರಡು ದಿನಕ್ಕೆ ಒಂದು ಬಿಳಿ ಜೀಪು ಮನೆಯ ಮುಂದೆ ನಿಂತಿತು. ಇಳಿದವನು ಅವನೇ. ಮೈ ತುಂಬಿಕೊಂಡಿತ್ತು, ಕಾಲಲ್ಲಿ ಬೂಟು.

"ನನ್ನ ಮರತೀರೇನ್ ಅಕ್ಕಾ?"

"ಮರ್ಯಾಕ ನೀ ಏನ್ ಸಾಲಗಾರ ಏನೋ! ಮದಲ ಒಳಗ ಬಾ. ಹೆಂಡತೀನ್ನ ಎಲ್ಲಿ ಬಿಟ್ಟ ಬಂದಿ?"

ಈಗ ಒಂದು ಕಂಪನಿಯಲ್ಲಿ ಇದ್ದೇನೆ, ಹವಾಮಾನ ಕಾಯುವ ಕೆಲಸವೇ ಎಂದ. ಹಬ್ಬದ ಕಡುಬು ಉಳಿದಿತ್ತು, ತುಪ್ಪ ಹಾಕಿ ಬಡಿಸಿದಳು. ಉಂಡು, ಮೊದಲಿನ ಹಾಗೆಯೇ ತನ್ನ ಗಂಗಾಳ ತಾನೇ ತೊಳೆದಿಟ್ಟ. ಆಮೇಲೆ ಕೇಳಿದ: "ಅಕ್ಕಾ, ಸಂಘದ ಹಳೇ ಠರಾವು ಬುಕ್ಕು ಐತೇನು? ನಮ್ಮ ತ್ವಾಟದ ಕತಿ ಮ್ಯಾಲಿನವರಿಗೆ ಬರದ ಕಳಸಬೇಕು. ಎಂಟ ದಿನದಾಗ ತಂದ ಕೊಡ್ತೇನಿ."

ಗುತ್ತೆವ್ವ ಟ್ರಂಕು ತೆಗೆದು, ಹಳೆಯ ಕುಬಸದ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಬುಕ್ಕನ್ನು ತನ್ನ ಕೈಯಾರೆ ಅವನ ಕೈಗೆ ಇಟ್ಟಳು.

ಎಂಟು ದಿನಕ್ಕೆ ಬುಕ್ಕು ಬರಲಿಲ್ಲ. ಒಂದು ತಿಂಗಳಿಗೆ ಪಂಚಾಯ್ತಿಯ ಗೋಡೆಯ ಮೇಲೆ ನೋಟೀಸು ಬಂತು. ನಾಗರತ್ನಾ ಕಾಲೇಜಿನಿಂದ ಬರುವಾಗ ಅದನ್ನು ಓದಿ, ಬೆವರು ಒರೆಸಿಕೊಳ್ಳದೆ ಮನೆಗೆ ಓಡಿದಳು. ಕೆರೆದಂಡೆಯ ನಾಲ್ಕು ಎಕರೆಯಲ್ಲಿ ಜಟ್ರೋಫಾ ಬೆಳೆಸುತ್ತಾರಂತೆ. ಅದರ ಬೀಜದಿಂದ ಎಣ್ಣೆ ತೆಗೆದು ಡೀಸೆಲ್ಲಿನ ಬದಲು ಉರಿಸುತ್ತಾರಂತೆ. ಸಂಘದವರು ಜಾಗವನ್ನು ತಾವಾಗಿಯೇ ಬಿಟ್ಟುಕೊಟ್ಟಿದ್ದಾರಂತೆ. ಜಟ್ರೋಫಾ ಎಂದರೆ ಗುತ್ತೆವ್ವನಿಗೆ ಗೊತ್ತಿತ್ತು, ಬೇಲಿಗೆ ಹಚ್ಚುವ ಕಾಡು ಔಡಲ. ಮನುಷ್ಯರು ತಿಂದರೆ ವಾಂತಿ, ಆಡು ಮೂಸಿಯೂ ನೋಡುವುದಿಲ್ಲ.

ತಾಯಿ ಮಗಳು ಪಂಚಾಯ್ತಿಗೆ ಹೋದರು. ಅಧ್ಯಕ್ಷ ಕೊಟ್ರಪ್ಪ ಒಂದು ಝೆರಾಕ್ಸ್ ಹಾಳೆ ಮುಂದಿಟ್ಟ. "ನೀವ ಬರದ ಕೊಟ್ಟೀರಿ, ಈಗ ನೀವ ನನ್ನ ಕೇಳಾಕ ಬಂದೀರಿ. ಹೆಣ್ಣಮಕ್ಕಳ ಬುದ್ಧಿ!"

ನಾಗರತ್ನಾ ಓದಿದಳು: "ಸಂಘದ ಸರ್ವ ಸದಸ್ಯರು ಒಮ್ಮತದಿಂದ, ಹವಾಮಾನ ರಕ್ಷಣೆಯ ದೃಷ್ಟಿಯಿಂದ, ಸದರಿ ಜಾಗವನ್ನು ಜೈವಿಕ ಇಂಧನದ ಗಿಡ ಬೆಳೆಸಲು ಸ್ವಇಚ್ಛೆಯಿಂದ ಬಿಟ್ಟುಕೊಟ್ಟಿರುತ್ತೇವೆ." ಕೆಳಗೆ ಹನ್ನೊಂದು ಹೆಬ್ಬೆಟ್ಟು. ತಾರೀಖು ಹಿಂದಿನ ತಿಂಗಳದ್ದು.

"ಯಾರ ಅಕ್ಷರ ಇದು?" ಎಂದು ಕೇಳಿದಳು ಗುತ್ತೆವ್ವ.

ನಾಗರತ್ನಾ ತಲೆ ಎತ್ತಲಿಲ್ಲ. "ವಿಜಯಮಾಮಾನ ಅಕ್ಷರ ಅವ್ವಾ."

ಆ ಹೆಬ್ಬೆಟ್ಟುಗಳು ಯಾವ ದಿನದವು ಎಂಬುದು ಗುತ್ತೆವ್ವನಿಗೆ ಮನೆಗೆ ಬರುವ ದಾರಿಯಲ್ಲಿ ನೆನಪಾಯಿತು. ಸಂಘ ಆದ ಮೊದಲ ಚಳಿಗಾಲ. ಒಂದು ಸೋಮವಾರ ಎಲ್ಲರೂ ಬಂದು ರೂಢಿಯ ಪ್ರಕಾರ ಒತ್ತಿದ್ದರು. ಅಷ್ಟರಲ್ಲಿ ರಮಜಾನಬಿಯ ಗಬ್ಬದ ಆಡು ಕೆರೆಯ ಕೆಸರಿನಲ್ಲಿ ಹೂತುಕೊಂಡಿದೆ ಎಂದು ಕೂಗು ಬಂತು. ಹನ್ನೊಂದು ಹೆಂಗಸರೂ, ವಿಜಯಮಹಾಂತೇಶನೂ ಎದ್ದು ಓಡಿದ್ದರು. ಆಡು ಬದುಕಿತು, ಸಭೆ ಆಗಲಿಲ್ಲ. ಮುಂದಿನ ವಾರ ಹೊಸ ಹಾಳೆ ತಿರುವಿದರು. ಆ ಹಾಳೆ ಖಾಲಿಯೇ ಉಳಿದಿತ್ತು. ಹಾಗೆ ಉಳಿದದ್ದು ಹೆಂಗಸರಿಗೆ ಮರೆತಿತ್ತು, ಅವನಿಗೆ ನೆನಪಿತ್ತು.

ಆ ಸಂಜೆ ಕಟ್ಟೆಯ ಮೇಲೆ ಹೆಂಗಸರು ಸೇರಿದರು. ರಮಜಾನಬಿ ಬೆಂಕಿಯಾಗಿದ್ದಳು. "ಬುಕ್ಕು ಕೊಟ್ಟಾಕಿ ಯಾರು? ನಿನ್ನ ತಮ್ಮ ಅಲ್ಲೇನ ಅಂವ! ಕಡಬು ಮಾಡಿ ಹಾಕೀದಿ, ತುಪ್ಪಾ ಬಡಿಸೀದಿ. ನಮ್ಮನ್ನ ಒಂದು ಮಾತು ಕೇಳಿದೇನು?"

"ಕೊಟ್ಟಾಕಿ ನಾನ," ಎಂದಳು ಗುತ್ತೆವ್ವ.

ಹಾವೇರಿಗೆ ಹೋಗಿ ಜಿಲ್ಲಾ ಕಚೇರಿಯ ದೊಡ್ಡ ಸಾಹೇಬರನ್ನು ಕಾಣುವುದೆಂದು ಆಯಿತು. ಬಸ್ಸಿನಲ್ಲಿ ಫಕ್ಕೀರೇಶ ಹೆಂಡತಿಯ ಪಕ್ಕ ಕುಳಿತು, ಆಚೀಚೆ ನೋಡಿ ಮೆಲ್ಲಗೆ ಹೇಳಿದ: "ನೋಡು, ಸಾಹೇಬ ಕೇಳಿದ್ರ ಈ ಹೆಬ್ಬೆಟ್ಟು ನಂದಲ್ಲ ಅಂದ ಬಿಡು. ತಪಾಸ ಮಾಡೂದ್ರಾಗ ಎರಡ ವರ್ಷ ಹೊಕ್ಕಾವ. ಅಲ್ಲೀತನಾ ತ್ವಾಟ ಉಳೀತೈತಿ."

"ಮತ್ತ ಅದು ನಂದ ಐತೆಲ್ಲ?"

"ಅಯ್ಯ ಇಕಿನ! ಅಂವ ಅಷ್ಟು ದೊಡ್ಡ ಸುಳ್ಳು ಬರದಾನ. ನೀ ಒಂದ ಸಣ್ಣದು ಹೇಳಾಕ ಆಗೂದಿಲ್ಲೇನು?"

ಅವಳು ಕಿಟಕಿಯ ಹೊರಗೆ ನೋಡುತ್ತ ಕುಳಿತಳು. ಅಗಲವಾದ ರಸ್ತೆ, ಎರಡೂ ಬದಿ ಬೋಳು.

ಸಾಹೇಬರ ಮುಂದೆ ಒಂದು ಕುರ್ಚಿಯಲ್ಲಿ ವಿಜಯಮಹಾಂತೇಶ ಆಗಲೇ ಕುಳಿತಿದ್ದ. ಹೆಂಗಸರು ಗೋಡೆಗೆ ಆತು ನಿಂತರು. ಮೇಜಿನ ಮೇಲೆ ಬುಕ್ಕು ಇತ್ತು. ಗುತ್ತೆವ್ವ ಅದನ್ನು ಗುರುತಿಸಿದಳು, ಸುತ್ತಿದ್ದ ಬಟ್ಟೆ ಮಾತ್ರ ಇರಲಿಲ್ಲ.

ಸಾಹೇಬರು ಕೆಟ್ಟವರೇನಲ್ಲ, ಅವಸರದಲ್ಲಿದ್ದರು. "ನೋಡ್ರಿ ಅಮ್ಮಾ, ಉಳಿದ ಕತಿ ಬ್ಯಾಡ. ಈ ಹೆಬ್ಬೆಟ್ಟು ನಿಮ್ದೋ ಅಲ್ಲೋ? ಅಷ್ಟ ಹೇಳ್ರಿ."

ಗುತ್ತೆವ್ವ ಬಗ್ಗಿ ನೋಡಿದಳು. ಮೂರನೆಯದು ಅವಳದು. ಸಣ್ಣವಳಿದ್ದಾಗ ಜೋಳ ಕೊಯ್ಯುವಾಗ ಆದ ಗಾಯದ ಗೆರೆ ಅಡ್ಡಕ್ಕೆ ಸ್ಪಷ್ಟವಾಗಿ ಬಿದ್ದಿತ್ತು. ಹಿಂದಿನಿಂದ ಫಕ್ಕೀರೇಶ ಕೆಮ್ಮಿದ.

"ನಂದ ಐತ್ರಿ," ಎಂದಳು. "ಆದ್ರ ನಾ ಒತ್ತಿದಾಗ ಮ್ಯಾಲೆ ಒಂದ ಅಕ್ಷರ ಇರಲಿಲ್ಲ. ಹಾಳಿ ಖಾಲಿ ಇತ್ತು. ಇದರ ಮ್ಯಾಲೆ ಹೋದ ತಿಂಗಳ ತಾರೀಖು ಐತಿ ಅಂತ ನನ್ನ ಮಗಳು ಹೇಳ್ತಾಳ. ನಾವು ಹನ್ನೊಂದೂ ಮಂದಿ ಮೂರು ವರ್ಷದಿಂದ ಸಹಿ ಮಾಡ್ತೇವಿ. ಸಹಿ ಬರೂ ಹೆಂಗಸು ಹೆಬ್ಬೆಟ್ಟು ಯಾಕ ಒತ್ತತಾಳ್ರಿ? ನನಗ ಸಹಿ ಕಲಿಸಿದಾಂವ ಇಲ್ಲೇ ಕುಂತಾನ. ಅವನ್ನ ಕೇಳ್ರಿ."

ಸಾಹೇಬರು ವಿಜಯಮಹಾಂತೇಶನ ಕಡೆ ತಿರುಗಿದರು. ಅವನು ಒಂದು ಮಾತು ಹೌದು ಎಂದಿದ್ದರೆ ಸಾಕಿತ್ತು. ಗುತ್ತೆವ್ವನಿಗೆ ಅನುಮಾನವೂ ಇರಲಿಲ್ಲ. ಬರಹದಲ್ಲಿ ಏನೇ ಮಾಡಿರಲಿ, ಎದುರೆದುರು, ಮರಳಿನ ಮೇಲೆ ತಾನೇ ಕೈ ಹಿಡಿದು ಬರೆಸಿದ್ದನ್ನು ಇಲ್ಲ ಎನ್ನಲಾರ ಎಂದೇ ಅವಳು ನಂಬಿದ್ದಳು.

ವಿಜಯಮಹಾಂತೇಶ ತನ್ನ ಬೂಟಿನ ಕಡೆ ನೋಡಿದ. "ಇವರು ಎರಡೂ ಮಾಡ್ತಾರ್ರಿ ಸರ್. ಸಹಿ ಪೂರಾ ರೂಢಿ ಆಗಿಲ್ಲ. ಗಡಿಬಿಡಿ ಇದ್ದಾಗ ಹೆಬ್ಬೆಟ್ಟು ಒತ್ತಿಬಿಡ್ತಾರ."

ಸಾಹೇಬರು ಬುಕ್ಕಿನ ಹಿಂದುಮುಂದಿನ ಹಾಳೆ ತಿರುವಿ ನೋಡದೆ ಬರೆದುಕೊಂಡರು. ಏನು ಬರೆದರೆಂದು ನಾಗರತ್ನಾ ತಲೆಕೆಳಗಾಗಿಯೇ ಓದಿದಳು: ಹೆಬ್ಬೆಟ್ಟು ತನ್ನದೇ ಎಂದು ಅಧ್ಯಕ್ಷೆ ಒಪ್ಪಿರುತ್ತಾಳೆ. ಅಷ್ಟೇ ಇತ್ತು.

ಹೊರಗೆ ಬೇವಿನಮರದ ಕೆಳಗೆ ಅವನು ಹಿಂದೆಯೇ ಬಂದ. "ಅಕ್ಕಾ, ಸಿಟ್ಟಾಗಬ್ಯಾಡ್ರಿ. ಇದೂ ಗಿಡನ ಅಲ್ಲೇನು? ಇದರ ಎಣ್ಣಿ ಸುಟ್ಟರ ಡೀಸೆಲ್ ಉಳೀತೈತಿ, ಹೊಗಿ ಕಡಿಮಿ ಆಕ್ಕೈತಿ. ನಾ ಮದಲಿಂದ ಹೇಳಿಕೋತ ಬಂದ ಕೆಲಸಾನ ಇದು. ಮಾರ್ಚ್ ಒಳಗ ನಾಲ್ಕು ಊರಾಗ ಜಾಗಾ ತೋರಸಲಿಲ್ಲ ಅಂದ್ರ ನನ್ನ ಮನೀಗಿ ಕಳಸತಿದ್ರು. ಉಳಿದ ಊರಾಗ ಬರೇ ಕಲ್ಲು ಐತಿ, ನಿಮ್ಮಲ್ಲಿ ಅಷ್ಟ ಮಣ್ಣು ಛಲೋ ಇತ್ತು."

"ಆ ಮಣ್ಣು ಛಲೋ ಯಾಕ ಆತು ಅಂತ ನಿನಗ ಗೊತ್ತಿಲ್ಲೇನು?" ಎಂದಳು ಗುತ್ತೆವ್ವ. "ಹೊಟ್ಟಿ ಮಾತು ಇತ್ತಂದ್ರ ಬಂದು ಹೇಳಬೇಕಿತ್ತು. ಕೇಳಿದ್ದರ ನಾ ಕೊಡತಿರಲಿಲ್ಲ, ಅದೂ ನಿನಗ ಗೊತ್ತಿತ್ತು. ಅದಕ್ಕ ಕೇಳಲಿಲ್ಲ. ನನ್ನ ಮನ್ಯಾಗ ಉಂಡು, ಗಂಗಾಳ ತೊಳದಿಟ್ಟು, ಬುಕ್ಕು ಇಸಕೊಂಡು ಹ್ವಾದಿ. ಅದೆಲ್ಲಾ ಇರಲಿ. ಆ ಸಾಹೇಬನ ಮುಂದ ನನಗ ಸಹಿ ಬರೂದಿಲ್ಲ ಅಂದ್ಯಲ್ಲೋ."

"ಅಕ್ಕಾ..."

"ದಾರಿ ಬಿಡ್ರಿ ಸಾಹೇಬ್ರ," ಎಂದಳು ಅವಳು.

2008ರ ಜನವರಿ ಕೊನೆಯಲ್ಲಿ ಜೆಸಿಬಿ ಬಂತು. ಅದರ ಡ್ರೈವರ್ ಮಹಮ್ಮದ್ ಹನೀಫ್ ಬೇಲಿಯ ಹೊರಗೆ ಗಾಡಿ ನಿಲ್ಲಿಸಿ, ಒಳಗೆ ಒಂದು ಸುತ್ತು ನಡೆದುಬಂದು, ತಲೆ ಕೆರೆದುಕೊಂಡ.

"ಕಾಕಿ, ನನಗ ಗಿಡ ಹಚ್ಚೂ ಕೆಲಸಾ ಐತಿ ಅಂತ ಹೇಳಿ ಕಳಿಸ್ಯಾರ. ಇಲ್ಲಿ ನೋಡಿದ್ರ ಕಾಲಿಡಾಕ ಜಾಗಾ ಇಲ್ಲ, ಗಿಡಾನ ಗಿಡಾ. ಗಿಡ ಹಚ್ಚಾಕ ಗಿಡ ಕೀಳಬೇಕೇನು? ನಾ ಏನರ ತಪ್ಪು ಊರಿಗೆ ಬಂದೇನೇನು?"

"ಊರು ಇದ ಐತಪಾ," ಎಂದಳು ಗುತ್ತೆವ್ವ. "ಎರಡು ತಾಸು ಬಿಡು. ಆಮ್ಯಾಲೆ ನಿನ್ನ ಕೆಲಸಾ ನೀ ಮಾಡು."

ಅವನು ಎರಡು ತಾಸು ಅಲ್ಲ, ಮಧ್ಯಾಹ್ನದವರೆಗೂ ಗಾಡಿ ಕೆಟ್ಟಿದೆ ಎಂದು ಫೋನಿನಲ್ಲಿ ಹೇಳುತ್ತ ಕುಳಿತ. ಹೆಂಗಸರು ಸುವರ್ಣಗಡ್ಡೆ ಅಗೆದರು, ತೊಂಡೆಯ ಬೇರು ಕಿತ್ತರು, ಎಳೆಯ ಕರಿಬೇವನ್ನು ಮಣ್ಣಿನ ಸಮೇತ ಎತ್ತಿದರು. ಆ ದಿನ ಒಳಗೆ ಕುಡಗೋಲು ಬಂದವು, ಯಾರೂ ಯಾರನ್ನೂ ತಡೆ ಮಾಡಲಿಲ್ಲ. ಮಧ್ಯಾಹ್ನದ ಮೇಲೆ ಜೆಸಿಬಿ ಚಾಲೂ ಆಯಿತು. ನಾಲ್ಕು ವರ್ಷದ ನೇರಳೆ ಬುಡಸಹಿತ ಮೇಲೆ ಬಂದಾಗ ಬೇರಿಗೆ ಅಂಟಿದ್ದ ಕರಿಮಣ್ಣು ಉದುರಿತು. ಗುತ್ತೆವ್ವ ಅಷ್ಟನ್ನು ನೋಡಿ ಮನೆಗೆ ಬಂದಳು. ಅಳಲಿಲ್ಲ. ಅಂದು ಹಿಟ್ಟು ನಾದಲು ಕುಳಿತವಳು ನೀರು ಹಾಕುವುದನ್ನೇ ಮರೆತು ಒಣ ಹಿಟ್ಟನ್ನು ತಿಕ್ಕುತ್ತಿದ್ದಳು ಎಂದು ನಾಗರತ್ನಾ ಹೇಳುತ್ತಾಳೆ.

ಕಾಡು ಔಡಲ ಸಾಲಾಗಿ ಬಂತು. ಕಂಪನಿಯ ಬೋರ್ಡು ಬಂತು, ಅದರ ಮೇಲೆ ಹಸಿರು ಭೂಮಿಯ ಚಿತ್ರ. ಎರಡು ವರ್ಷ ಕಳೆದರೂ ಬೀಜ ಒಂದು ಮೂಟೆ ತುಂಬಲಿಲ್ಲ. ಎಲೆಯ ಹೊದಿಕೆ ಇಲ್ಲದ ನೆಲದಲ್ಲಿ ಬೇಸಿಗೆಗೆ ಸವುಳು ಮತ್ತೆ ಬೆಳ್ಳಗೆ ಎದ್ದಿತು. ಮೇವು ಸಾಲದೆ ರಮಜಾನಬಿ ಆಡುಗಳನ್ನು ನಾಲ್ಕಕ್ಕೆ ಇಳಿಸಿದಳು. ಕಂಪನಿಯ ಜೀಪು ಬರುವುದು ನಿಂತಿತು. ವಿಜಯಮಹಾಂತೇಶ ಬೇರೆ ಜಿಲ್ಲೆಗೆ ಬದಲಿಯಾದ ಎಂದು ಕೆಲವರು, ಕೆಲಸ ಬಿಟ್ಟ ಎಂದು ಕೆಲವರು ಹೇಳಿದರು. ಗುತ್ತೆವ್ವ ವಿಚಾರಿಸಲಿಲ್ಲ.

ಹೆಂಗಸರ ಮುನಿಸು ಬೇಗ ಇಳಿಯಲಿಲ್ಲ. ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಿದ್ದರು. ತೋಟ ಹೋಗಿ ಆರು ತಿಂಗಳಾದ ಮೇಲೆ ಒಂದು ದಿನ ರಮಜಾನಬಿ ಬಾಗಿಲಲ್ಲಿ ನಿಂತು, "ಒಂದ ಕರಿಬೇವಿನ ಸಸಿ ಇದ್ರ ಕೊಡು. ಮಾತಾಡಾಕ ಬಂದಿಲ್ಲ ಮತ್ತ," ಎಂದಳು. ಸಸಿ ತೆಗೆದುಕೊಂಡು ಸಂಜೆಯವರೆಗೂ ಕುಳಿತು ಹೋದಳು.

ಫಕ್ಕೀರೇಶನ ಹೆಸರಿನಲ್ಲಿ ಒಂದು ಎಕರೆ ಬೆದ್ದಲು ಇದೆ. ಜೆಸಿಬಿ ಬಂದುಹೋದ ಮರುದಿನವೇ ಅದರಲ್ಲಿ ಅರ್ಧವನ್ನು ಉಳಬೇಡ ಎಂದು ಗುತ್ತೆವ್ವ ಕೇಳಿದ್ದಳು. "ಹಂಗಾದ್ರ ಜ್ವಾಳದ ಬದಲಿ ಹುಣಸೀಚಿಗುರು ಮೇಯೂದೇನು ನಾವು?" ಎಂದು ಒಂದು ವಾರ ಕೂಗಾಡಿ, ಆಮೇಲೆ ಅವನೇ ಗುಂಡಿ ತೋಡಿಕೊಟ್ಟ. ಹಳೆಯ ತೋಟದಿಂದ ಎತ್ತಿದ ಗಡ್ಡೆ, ಬೇರುಗಳು ಅಲ್ಲಿ ಹಿಡಿದಿವೆ. ನುಗ್ಗೆ ಕಾಯಿ ಬಿಟ್ಟಿದೆ. ಉಳಿದವು ಇನ್ನೂ ಸಣ್ಣವು.

ಈಗ ಗುತ್ತೆವ್ವ ವಾರದಲ್ಲಿ ಐದು ದಿನ ಬೆಳಗಿನ ಬಸ್ಸಿಗೆ ಬ್ಯಾಡಗಿಗೆ ಹೋಗಿ, ಒಂದು ಶೆಡ್ಡಿನಲ್ಲಿ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾಳೆ. ಉಳಿದ ಎರಡು ದಿನ ಅರ್ಧ ಎಕರೆಯ ಗಿಡಗಳಿಗೆ ನೀರು ಹೊರುತ್ತಾಳೆ. ಸಸಿ ಕೇಳಿಕೊಂಡು ಬಂದವರಿಗೆ ಕೊಡುತ್ತಾಳೆ. ಯಾವ ಸಂಘದಲ್ಲೂ ಅವಳು ಇಲ್ಲ.